ಮಕ್ಕಳ ಪತ್ತೇದಾರಿ ಕಾದಂಬರಿಯನ್ನು ಅಳೆಯುವುದು ಹೇಗೆ?

(ಶಾಲಾ ಗ್ರಂಥಾಲಯಕ್ಕೆ ಪುಸ್ತಕ ಆಯ್ಕೆ ಮಾಡಲು ಕರೆದ ಪಾಲಕರು ಹಾಗೂ ಶಿಕ್ಷಕರ ಸಭೆಯಲ್ಲಿ ಮಾಡಿದ ಭಾಷಣ)



ಈ ಸಲದ ಪುಸ್ತಕಗಳ ಪಟ್ಟಿಯಲ್ಲಿ ಪತ್ತೇದಾರಿ ಕಾದಂಬರಿಗಳೂ ಇರುವುದನ್ನು ಕಂಡು ಹಿರಿಯರೊಬ್ಬರು, "ಮಾಸ್ಟರೆ, ಕಳ್ಳತನದ ಕಥೆ ಓದಿ ಮಕ್ಕಳು ಏನು ಕಲಿತಾರು?" ಎಂದು ಕೇಳಿದರು. ಪ್ರಶ್ನೆ ನ್ಯಾಯವಾದದ್ದೇ. ಇಂಥ ಪುಸ್ತಕಗಳೆಲ್ಲ ಒಳ್ಳೆಯವಲ್ಲ, ಎಲ್ಲವೂ ಕೆಟ್ಟವೂ ಅಲ್ಲ. ಅಕ್ಕಿಯಿಂದ ಕಲ್ಲು ಆರಿಸುವ ಬಗೆಯನ್ನಷ್ಟೇ ಇಂದು ಹೇಳುತ್ತೇನೆ.

ಉರ್ದುವಿನಲ್ಲಿ 1952ರಲ್ಲಿ ಅಲಹಾಬಾದಿನಿಂದ ಆರಂಭವಾದ ಇಬ್ನೆ ಸಫಿಯವರ 'ಜಾಸೂಸಿ ದುನಿಯಾ', ಕನ್ನಡದಲ್ಲಿ ಎನ್. ನರಸಿಂಹಯ್ಯನವರ ಕಾದಂಬರಿಗಳು ಎಷ್ಟೋ ಜನಸಾಮಾನ್ಯರಿಗೆ ಓದಿನ ರುಚಿ ಹತ್ತಿಸಿದವು. ಆದರೆ ಅವು ದೊಡ್ಡವರಿಗಾಗಿ ಬರೆದವು. ಮಕ್ಕಳಿಗೆಂದೇ ಬರೆದದ್ದಕ್ಕೆ ಒಳ್ಳೆಯ ಮಾದರಿ, ಜರ್ಮನಿಯ ಎರಿಕ್ ಕೆಸ್ಟ್ನರ್ 1929ರಲ್ಲಿ ಪ್ರಕಟಿಸಿದ 'ಎಮಿಲ್ ಮತ್ತು ಪತ್ತೇದಾರರು'.

ಎಮಿಲ್ ತಂದೆಯಿಲ್ಲದ ಹುಡುಗ. ತಾಯಿ ಮನೆಯಲ್ಲೇ ಹೆಂಗಸರ ಕೂದಲು ತೊಳೆದು, ಓರಣಗೊಳಿಸಿ ಸಂಸಾರ ನಡೆಸುವವಳು. ಅಜ್ಜಿಗೆಂದೂ ಖರ್ಚಿಗೆಂದೂ ಆಕೆ ಕೊಟ್ಟ 140 ಮಾರ್ಕ್ ಇಟ್ಟುಕೊಂಡು ಅವನು ಬರ್ಲಿನ್ ರೈಲು ಹತ್ತುತ್ತಾನೆ. ಕಳೆದೀತೆಂಬ ಹೆದರಿಕೆಯಿಂದ ನೋಟುಗಳಿದ್ದ ಲಕೋಟೆಯನ್ನು ಕೋಟಿನ ಒಳಗೆ ಗುಂಡುಸೂಜಿಯಿಂದ ಚುಚ್ಚಿಟ್ಟುಕೊಳ್ಳುತ್ತಾನೆ. ನಿದ್ದೆ ಹತ್ತುತ್ತದೆ. ಎಚ್ಚರವಾದಾಗ ಹಣವಿಲ್ಲ, ಡಬ್ಬಿಯಲ್ಲಿದ್ದ ಟೋಪಿಯ ಮನುಷ್ಯನೂ ಇಲ್ಲ. ಊರಿನಲ್ಲಿ ಒಂದು ಪ್ರತಿಮೆಗೆ ಮೀಸೆ ಬರೆದ ತಪ್ಪಿಗೆ ಪೊಲೀಸರೆಂದರೆ ಅವನಿಗೆ ಭಯ. ಬರ್ಲಿನ್ನಿನ ಮಕ್ಕಳು ಜೊತೆಗೂಡುತ್ತಾರೆ, ಕೆಲಸ ಹಂಚಿಕೊಳ್ಳುತ್ತಾರೆ. ಎಲ್ಲರಿಗೂ ಕಳ್ಳನ ಹಿಂದೆ ಓಡುವ ಆಸೆ. ಆದರೂ ಒಬ್ಬ ಪುಟ್ಟ ಹುಡುಗ ಮನೆಯಲ್ಲಿ ಟೆಲಿಫೋನಿನ ಬಳಿಯೇ ಕೂರುತ್ತಾನೆ.

ಇಲ್ಲಿ ಕಳ್ಳ ಯಾರೆಂಬುದು ಬೇಗನೆ ತಿಳಿಯುತ್ತದೆ. ಸಾಬೀತು ಮಾಡುವುದು ಹೇಗೆ ಎಂಬುದೇ ಒಗಟು. ಬ್ಯಾಂಕಿನಲ್ಲಿ ಅವನು ಹಣ ಚಿಲ್ಲರೆ ಮಾಡಿಸುವಾಗ ಎಮಿಲ್‌ಗೆ ಹೊಳೆಯುತ್ತದೆ: ನೋಟುಗಳಲ್ಲಿ ಗುಂಡುಸೂಜಿಯ ತೂತು ಇರಲೇಬೇಕು!

ಇದರಿಂದ ನಾನು ಮೂರು ಅಳತೆಗೋಲು ಕಂಡುಕೊಂಡಿದ್ದೇನೆ. ಮೊದಲನೆಯದು, ಪತ್ತೇದಾರನಿಗೆ ತಿಳಿದ ಸುಳಿವು ಓದುವ ಮಗುವಿಗೂ ಮೊದಲೇ ತಿಳಿದಿರಬೇಕು. ಕೊನೆಯ ಪುಟದಲ್ಲಿ ಇದ್ದಕ್ಕಿದ್ದಂತೆ ಹೊಸ ಸಾಕ್ಷಿ ತಂದರೆ ಅದು ಮಗುವಿಗೆ ಮಾಡಿದ ಮೋಸ. ಎರಡನೆಯದು, ಕಳೆದುಹೋದದ್ದಕ್ಕೆ ಬೆಲೆ ಇರಬೇಕು. ರಾಜನ ವಜ್ರಕ್ಕಿಂತ ಆ ತಾಯಿಯ ದುಡಿಮೆಯ ಹಣ ಮಕ್ಕಳ ಮನಸ್ಸಿಗೆ ನಾಟುತ್ತದೆ. ಮೂರನೆಯದು, ಮಕ್ಕಳ ಬುದ್ಧಿ ಮತ್ತು ಒಗ್ಗಟ್ಟಿನಿಂದಲೇ ಒಗಟು ಬಿಡಿಸಬೇಕು, ಅದೃಷ್ಟದಿಂದಲ್ಲ. ಈ ಮಾತಿನಲ್ಲಿ ಕೆಸ್ಟ್ನರ್ ಕೂಡ ಸ್ವಲ್ಪ ಜಾರಿದ್ದಾರೆ. ಸಿಕ್ಕ ಕಳ್ಳ ಬ್ಯಾಂಕ್ ದರೋಡೆಕೋರನೂ ಆಗಿದ್ದು ಎಮಿಲ್‌ಗೆ 1000 ಮಾರ್ಕ್ ಬಹುಮಾನ ಬರುವುದು ತುಸು ಅತಿಯಾಯಿತು.

ನಾಲ್ಕನೆಯ ಅಳತೆಗೋಲನ್ನು ಪುಸ್ತಕದಿಂದಲ್ಲ, ನನ್ನ ತಪ್ಪಿನಿಂದ ಕಲಿತೆ. ಕೆಲವು ವರ್ಷಗಳ ಹಿಂದೆ ನನ್ನ ತರಗತಿಯ ಹುಡುಗಿಯೊಬ್ಬಳು ಪ್ರವಾಸಕ್ಕೆಂದು ತಂದ ಹಣ ಕಾಣೆಯಾಯಿತು. ನಾನು ಏನನ್ನೂ ವಿಚಾರಿಸದೆ ಹಿಂದಿನ ಬೆಂಚಿನ ಹುಡುಗನ ಹರಿದ ಚೀಲವನ್ನು ಎಲ್ಲರೆದುರು ಸುರಿಸಿದೆ. ಸಂಜೆ ಹಣ ಅವಳ ನೋಟ್‌ಬುಕ್ಕಿನ ರಟ್ಟಿಗೂ ಹೊದಿಕೆಗೂ ನಡುವೆ ಸಿಕ್ಕಿತು. ಹುಡುಗನ ಬಳಿ ಕ್ಷಮೆ ಕೇಳಿದೆ. "ಇರಲಿ ಸರ್" ಎಂದ. ಆದರೆ ಆ ವರ್ಷವಿಡೀ ಅವನು ಪಾಠದಲ್ಲಿ ಒಮ್ಮೆಯೂ ಕೈ ಎತ್ತಲಿಲ್ಲ.

ಬಡವ, ಪರದೇಶಿ, ಅಲೆಮಾರಿ, ಮುಖದ ಮೇಲೆ ಗಾಯವಿದ್ದವ, ಇವರನ್ನೇ ಕಳ್ಳರೆಂದು ತೋರಿಸುವ ಮಕ್ಕಳ ಪುಸ್ತಕಗಳು ಬೇಕಾದಷ್ಟಿವೆ. 1942ರಲ್ಲಿ ಆರಂಭವಾದ ಎನಿಡ್ ಬ್ಲೈಟನ್ನರ 'ಫೇಮಸ್ ಫೈವ್' ಮಾಲೆಯ 21 ಪುಸ್ತಕಗಳು ಮಕ್ಕಳಿಗೆ ಸಾಹಸದ ಸಂತೋಷ ಕೊಟ್ಟವು ನಿಜ. ಆದರೆ ಜಿಪ್ಸಿಗಳನ್ನೂ ಪರದೇಶಿಗಳನ್ನೂ ಚಿತ್ರಿಸಿದ ರೀತಿಗೆ ಟೀಕೆಯನ್ನೂ ಎದುರಿಸಿವೆ. ಸತ್ಯಜಿತ್ ರಾಯ್ 1965ರಲ್ಲಿ 'ಸಂದೇಶ್' ಪತ್ರಿಕೆಯಲ್ಲಿ ಹುಟ್ಟುಹಾಕಿದ ಫೆಲೂದಾ ಇದಕ್ಕೆ ಭಿನ್ನ. 1971ರ 'ಸೋನಾರ್ ಕೆಲ್ಲಾ'ದಲ್ಲಿ ಕೇಡಿಗ ಮರ್ಯಾದಸ್ಥನ ವೇಷದಲ್ಲಿಯೇ ಬರುತ್ತಾನೆ. ಯಾರೆಂದು ಹೇಳಿ ನಿಮ್ಮ ಓದಿನ ಸುಖ ಕೆಡಿಸುವುದಿಲ್ಲ.

ಗುಮಾನಿಯಿಂದ ದೂರವಿರಿ, ಬಂದ ಸುದ್ದಿಯನ್ನು ಪರಿಶೀಲಿಸಿ ಎಂಬ ಬೋಧನೆ ಸೂರಾ ಅಲ್ ಹುಜುರಾತ್‌ನಲ್ಲಿದೆ. ಅದನ್ನು ಬಾಯಿಪಾಠ ಮಾಡಿದ್ದ ನಾನೇ ತರಗತಿಯಲ್ಲಿ ಮರೆತೆ. ಒಳ್ಳೆಯ ಪತ್ತೇದಾರಿ ಕಾದಂಬರಿ ಮಗುವಿಗೆ ಇದೇ ಅಭ್ಯಾಸ ಮಾಡಿಸುತ್ತದೆ: ಮುಖ ನೋಡಬೇಡ, ಸಾಕ್ಷಿ ನೋಡು. ಅಂಥ ಪುಸ್ತಕ ಕಳ್ಳತನ ಕಲಿಸುವುದಿಲ್ಲ, ನ್ಯಾಯ ಕಲಿಸುತ್ತದೆ.

ಆ ಘಟನೆಯ ಮರುವರ್ಷ ತರಗತಿಯಲ್ಲಿ ಎಮಿಲ್ ಕಥೆ ಹೇಳಿದೆ. ಬ್ಯಾಂಕಿನ ಸನ್ನಿವೇಶದಲ್ಲಿ ನಿಲ್ಲಿಸಿ, "ಹಣ ತನ್ನದೆಂದು ಹೇಗೆ ತೋರಿಸುತ್ತಾನೆ?" ಎಂದು ಕೇಳಿದೆ. ತುಸು ಹೊತ್ತು ಮೌನ. ಆಮೇಲೆ ಹುಡುಗಿಯೊಬ್ಬಳು "ಗುಂಡುಸೂಜಿ ಸರ್!" ಎಂದು ಎದ್ದು ನಿಂತಳು. ಪಾಲಕರೆ, ನೀವೂ ಹೀಗೆಯೇ ಪರೀಕ್ಷಿಸಬಹುದು. ಕೊನೆಯ ಅಧ್ಯಾಯಕ್ಕೆ ಮೊದಲು ಪುಸ್ತಕ ಮುಚ್ಚಿ, ಕಳ್ಳ ಯಾರು, ಯಾಕೆ ಎಂದು ಮಗುವನ್ನು ಕೇಳಿ. ಕಾರಣ ಕೊಟ್ಟು ಉತ್ತರಿಸಿದರೆ ಪುಸ್ತಕ ಗೆದ್ದಿದೆ. "ಅವನ ಮುಖ ನೋಡಿದರೇ ಗೊತ್ತಾಗುತ್ತೆ" ಎಂದರೆ ಆ ಪುಸ್ತಕ ಸೋತಿದೆ. ಅದನ್ನು ನಮ್ಮ ಕಪಾಟಿಗೆ ತರುವುದು ಬೇಡ.