ಹಬ್ಬ ಬಂತು, ಖುಷಿ ಯಾಕೆ ಬರಲಿಲ್ಲ?

ಒಂದು ಪ್ರಶ್ನೆಯಿಂದ ಶುರು ಮಾಡ್ತೀನಿ. ಹಬ್ಬದ ದಿನ ಊರಿಂದ ಫೋನ್ ಬರುತ್ತೆ. 'ಹಬ್ಬ ಹೇಗಾಯ್ತು?' ಅಂತ ಕೇಳ್ತಾರೆ. 'ಚೆನ್ನಾಗಾಯ್ತು' ಅಂತೀವಿ. ಅದರಲ್ಲಿ ಎಷ್ಟು ಸಲ ಸುಳ್ಳು ಹೇಳಿದ್ದೀವಿ? ಕೈ ಎತ್ತೋದು ಬೇಡ, ಮನಸ್ಸಲ್ಲೇ ಎಣಿಸಿಕೊಳ್ಳಿ.

ಇವತ್ತು ನಾನು ಮಾತಾಡೋದು ಒಂದು ಅಮೆರಿಕನ್ ಕಾರ್ಟೂನ್ ಬಗ್ಗೆ. ಹೆಸರು 'ಎ ಚಾರ್ಲಿ ಬ್ರೌನ್ ಕ್ರಿಸ್ಮಸ್'. ಸುಮಾರು 25 ನಿಮಿಷದ್ದು, 1965ರಲ್ಲಿ ಟೀವಿಗೆ ಅಂತ ಮಾಡಿದ್ದು. ಚಾರ್ಲಿ ಬ್ರೌನ್, ಸ್ನೂಪಿ ನಾಯಿ ಬರುವ 'ಪೀನಟ್ಸ್' ಕಾಮಿಕ್ಸ್ ಗೊತ್ತಲ್ಲ, ಅದೇ ಬಳಗ.

ನನಗೆ ಇದು ಗೊತ್ತಾಗಿದ್ದು ಆಫೀಸಿನ ಕಾಲ್‌ನಲ್ಲಿ. ನಾನಿರೋದು ಪುಣೆಯಲ್ಲಿ, ನಮ್ಮ ಟೀಮಿನ ಅರ್ಧ ಜನ ಇರೋದು ಅಮೆರಿಕದಲ್ಲಿ. ಡಿಸೆಂಬರ್ ಕೊನೆಗೆ ಕೋಡ್ ಫ್ರೀಜ್ ಆಗುತ್ತೆ, ಆಮೇಲೆ ಕಾಲ್‌ನಲ್ಲಿ ಕೆಲಸಕ್ಕಿಂತ ಹರಟೆ ಜಾಸ್ತಿ. ಒಬ್ಬರು ಹೇಳಿದರು, ಇದನ್ನ ನೋಡದಿದ್ದರೆ ನಮ್ಮ ಮನೆಯಲ್ಲಿ ಕ್ರಿಸ್ಮಸ್ ಶುರುವೇ ಆಗಲ್ಲ, ಅಪ್ಪನ ಜೊತೆ ನೋಡ್ತಿದ್ದೆ, ಈಗ ಮಗಳ ಜೊತೆ ನೋಡ್ತೀನಿ ಅಂತ. ಇನ್ನೊಬ್ಬರು ಒಪ್ಪಲಿಲ್ಲ. ಎಲ್ಲಾ ಮಕ್ಕಳೂ ಸೇರಿ ಒಬ್ಬ ಹುಡುಗನನ್ನ ಗೋಳು ಹೊಯ್ಕೊಳ್ತಾರೆ, ಹಬ್ಬದ ದಿನ ಇಷ್ಟು ಬೇಜಾರಿನ ಕಾರ್ಟೂನ್ ಯಾಕೆ ಬೇಕು ಅಂದರು. ಮೂರನೆಯವರಿಗೆ ಕಥೆ ಬೇಡವಂತೆ, ಸಂಗೀತ ಮಾತ್ರ ಸಾಕಂತೆ. 25 ನಿಮಿಷದ ಕಾರ್ಟೂನಿಗೆ 40 ನಿಮಿಷ ಜಗಳ. ನಾನು ಮ್ಯೂಟ್‌ನಲ್ಲಿ ಕೂತು ಕೇಳ್ತಾ ಇದ್ದೆ. ಅವತ್ತೇ ರಾತ್ರಿ ಹುಡುಕಿ ನೋಡಿದೆ.

ಕಥೆ ಇಷ್ಟೇ. ಚಾರ್ಲಿ ಬ್ರೌನ್ ಅನ್ನೋ ಹುಡುಗ. ಕ್ರಿಸ್ಮಸ್ ಬರ್ತಾ ಇದೆ, ಹಿಮ ಬೀಳ್ತಾ ಇದೆ, ಎಲ್ಲರೂ ಸಡಗರದಲ್ಲಿದ್ದಾರೆ. ಇವನಿಗೆ ಮಾತ್ರ ಖುಷಿ ಆಗ್ತಾ ಇಲ್ಲ. ನನ್ನಲ್ಲೇ ಏನೋ ತಪ್ಪಿರಬೇಕು ಅಂದುಕೊಳ್ತಾನೆ. ಟಪಾಲು ಡಬ್ಬಿ ತೆಗೆದು ನೋಡ್ತಾನೆ, ಒಂದೂ ಗ್ರೀಟಿಂಗ್ ಕಾರ್ಡ್ ಇಲ್ಲ. ತಂಗಿ ಸಾಂತಾ ಕ್ಲಾಸ್‌ಗೆ ಬರೆಯೋ ಪತ್ರದಲ್ಲಿ, ತೊಂದರೆಯಾದರೆ ದುಡ್ಡೇ ಕಳಿಸಿಬಿಡು ಅಂತಾಳೆ. ಅವನ ನಾಯಿ ಸ್ನೂಪಿ ಕೂಡ ಗೂಡಿಗೆ ದೀಪ ಹಾಕಿ ಅಲಂಕಾರ ಸ್ಪರ್ಧೆಗೆ ಸೇರಿದೆ. ಲೂಸಿ ಅನ್ನೋ ಹುಡುಗಿ ಇವನನ್ನ ಮಕ್ಕಳ ನಾಟಕಕ್ಕೆ ನಿರ್ದೇಶಕ ಮಾಡ್ತಾಳೆ, ಅಲ್ಲಿ ಇವನ ಮಾತು ಯಾರೂ ಕೇಳಲ್ಲ. ಒಳ್ಳೆ ಹೊಳೆಯೋ ಅಲ್ಯೂಮಿನಿಯಂ ಕ್ರಿಸ್ಮಸ್ ಮರ ತಗೊಂಡು ಬಾ ಅಂತ ಕಳಿಸಿದರೆ, ಇವನು ನಾಲ್ಕು ಕಡ್ಡಿಯ ಒಂದು ಬಡಕಲು ಗಿಡ ತರ್ತಾನೆ. ಎಲ್ಲರೂ ನಗ್ತಾರೆ. ಕ್ರಿಸ್ಮಸ್ ಅಂದರೆ ಏನು ಅಂತ ಯಾರಿಗಾದರೂ ಗೊತ್ತಾ ಅಂತ ಅವನು ಕೂಗಿದಾಗ, ಗೆಳೆಯ ಲೈನಸ್ ವೇದಿಕೆ ಮಧ್ಯೆ ನಿಂತು ಬೈಬಲಿನ ಲೂಕನ ಸುವಾರ್ತೆಯಿಂದ ಯೇಸು ಹುಟ್ಟಿದ ಭಾಗ ಹೇಳ್ತಾನೆ. ಕೊನೆಗೆ ಅದೇ ನಕ್ಕ ಮಕ್ಕಳು ಬಂದು ಆ ಗಿಡವನ್ನ ಅಲಂಕರಿಸ್ತಾರೆ.

ಈಗ ಇದರ ಮೊದಲ ಪ್ರೇಕ್ಷಕರು ಏನಂದರು ಅಂತ ಹೇಳ್ತೀನಿ. ಮೊದಲು ನೋಡಿದ್ದು ಸಿಬಿಎಸ್ ಚಾನೆಲ್ಲಿನ ಅಧಿಕಾರಿಗಳು. ಅವರಿಗೆ ಹಿಡಿಸಲೇ ಇಲ್ಲ. ತುಂಬಾ ನಿಧಾನ ಅಂದರು. ಮಕ್ಕಳ ಕಾರ್ಟೂನಿಗೆ ಜಾಝ್ ಸಂಗೀತ ಯಾಕೆ ಅಂದರು. ಪಾತ್ರಗಳಿಗೆ ದನಿ ಕೊಟ್ಟಿದ್ದು ನಿಜವಾದ ಮಕ್ಕಳು. ಚಿಕ್ಕ ತಂಗಿ ಪಾತ್ರದ ಹುಡುಗಿಗಂತೂ ಓದೋಕೇ ಬರ್ತಿರಲಿಲ್ಲ, ಒಂದೊಂದೇ ತುಂಡು ಹೇಳಿಕೊಟ್ಟು ರೆಕಾರ್ಡ್ ಮಾಡಿದ್ದರು. ಆಗಿನ ಹಾಸ್ಯ ಕಾರ್ಯಕ್ರಮಗಳಲ್ಲಿ ಹಿಂದೆ ರೆಕಾರ್ಡ್ ಮಾಡಿದ ನಗು ಕೇಳಿಸ್ತಿತ್ತು, ಇದರಲ್ಲಿ ಅದೂ ಇಲ್ಲ. ಬೇಡ ಅಂತ ಹಠ ಹಿಡಿದಿದ್ದು ಕಾಮಿಕ್ಸ್ ಬರೆದ ಚಾರ್ಲ್ಸ್ ಶುಲ್ಜ್. ಬೈಬಲ್ ಭಾಗ ಇರಲೇಬೇಕು ಅಂದಿದ್ದೂ ಅವರೇ. ಅಧಿಕಾರಿಗಳು ಬಿಡಿ, ನಿರ್ಮಾಪಕ ಲೀ ಮೆಂಡೆಲ್ಸನ್, ನಿರ್ದೇಶಕ ಬಿಲ್ ಮೆಲೆಂಡೆಜ್ ಅವರಿಗೇ, ಮುಗಿಸಿ ನೋಡಿದಾಗ, ಅಯ್ಯೋ ಚಾರ್ಲಿ ಬ್ರೌನ್‌ನ ಹಾಳು ಮಾಡಿಬಿಟ್ವಲ್ಲಾ ಅನ್ನಿಸಿತ್ತು. ಸುಮಾರು ಆರು ತಿಂಗಳಲ್ಲಿ, ಗಡಿಬಿಡಿಯಲ್ಲಿ ಮಾಡಿದ್ದು. ಪ್ರಸಾರದ ದಿನ ಗೊತ್ತಾಗಿಹೋಗಿತ್ತು, ಹಾಗಾಗಿ ಹೊರಗೆ ಬಂತು. ನಮ್ಮಲ್ಲೂ ಎಷ್ಟೋ ರಿಲೀಸ್ ಆಗೋದು ಹೀಗೇ ಅಲ್ವಾ?

1965ರ ಡಿಸೆಂಬರ್ 9ರ ಸಂಜೆ ಅಮೆರಿಕದ ಜನ ನೋಡಿದರು. ಆ ಹೊತ್ತಿಗೆ ಟೀವಿ ಹಾಕಿದ್ದ ಮನೆಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಇದನ್ನೇ ನೋಡಿದ್ದವು. ಮುಂದಿನ ವರ್ಷ ಎಮ್ಮಿ ಪ್ರಶಸ್ತಿ ಬಂತು, ಪೀಬಾಡಿ ಪ್ರಶಸ್ತಿಯೂ ಬಂತು. ಸಿಬಿಎಸ್ ಇದನ್ನ 2000ದವರೆಗೂ ವರ್ಷಾ ವರ್ಷಾ ಹಾಕಿತು, ಆಮೇಲೆ ಎಬಿಸಿ ತಗೊಂಡಿತು. ವಿನ್ಸ್ ಗ್ವರಾಲ್ಡಿ ಅವರ ಆ 'ಹೊಂದದ' ಜಾಝ್ ಈಗ ಅಮೆರಿಕದ ಅಂಗಡಿ ಅಂಗಡಿಗಳಲ್ಲಿ ಡಿಸೆಂಬರ್ ಪೂರ್ತಿ ಕೇಳಿಸುತ್ತೆ.

ಅಧಿಕಾರಿಗಳು ದಡ್ಡರು, ಜನ ಬುದ್ಧಿವಂತರು ಅಂತ ಇಲ್ಲಿಗೇ ಮುಗಿಸಬಹುದಿತ್ತು. ಆದರೆ ನನಗೆ ಅಷ್ಟು ಸುಲಭ ಅನ್ನಿಸಲಿಲ್ಲ. ಯಾಕಂದ್ರೆ ಆ ಅಧಿಕಾರಿಗಳು ಹೇಳಿದ ಒಂದೊಂದು ದೂರೂ ನಿಜ. ನಿಧಾನವಾಗೇ ಇದೆ. ಚಿತ್ರ ಅಲ್ಲಲ್ಲಿ ಎಗರುತ್ತೆ. ಕೊನೆಗೆ ಆ ಬಡಕಲು ಗಿಡಕ್ಕೆ ಇದ್ದಕ್ಕಿದ್ದಂತೆ ಅಷ್ಟೊಂದು ರೆಂಬೆ ಎಲ್ಲಿಂದ ಬಂತು ಅಂತ ನೋಡುಗರು ಇವತ್ತಿಗೂ ತಮಾಷೆ ಮಾಡ್ತಾರೆ. ನಮ್ಮ ಟೆಸ್ಟಿಂಗ್ ಟೀಮಿಗೆ ಕೊಟ್ಟಿದ್ದರೆ ಕನಿಷ್ಠ ಇಪ್ಪತ್ತು ಬಗ್ ಹಾಕಿ ವಾಪಸ್ ಕಳಿಸ್ತಿದ್ದರು.

ಇದಕ್ಕಿಂತ ದೊಡ್ಡ ದೂರುಗಳೂ ಇವೆ. ಹಬ್ಬ ವ್ಯಾಪಾರ ಆಗಿಹೋಯ್ತು ಅಂತ ಗೋಳಾಡೋ ಈ ಕಾರ್ಟೂನಿಗೆ ದುಡ್ಡು ಹಾಕಿದ್ದು ಯಾರು? ಕೋಕಾ-ಕೋಲಾ! ಮೊದಲ ಪ್ರಸಾರದಲ್ಲಿ ಅವರ ಹೆಸರು ಚಿತ್ರದ ಒಳಗೇ ಇತ್ತು, ಆಮೇಲೆ ತೆಗೆದರು. ಹಬ್ಬದ ಅರ್ಥ ಹೇಳೋಕೆ ಬೈಬಲ್ಲೇ ಯಾಕೆ ಬೇಕು, ಬೇರೆ ಧರ್ಮದವರು, ದೇವರನ್ನ ನಂಬದವರು ಏನು ಮಾಡಬೇಕು ಅಂತ ಕೆಲವರು ಕೇಳ್ತಾರೆ. ಆ ಭಾಗ ಇದೆ ಅಂತಲೇ ನೋಡ್ತೀವಿ ಅನ್ನೋರು ಇನ್ನೂ ಹಲವರು. ನನ್ನ ಸಹೋದ್ಯೋಗಿ ಹೇಳಿದ ಗೋಳು ಹೊಯ್ಕೊಳ್ಳೋ ಮಾತೂ ನಿಜ. ಆ ಮಕ್ಕಳು ಕೊನೆವರೆಗೂ ಚಾರ್ಲಿ ಬ್ರೌನ್ ಹತ್ತಿರ ಕ್ಷಮೆ ಕೇಳಲ್ಲ.

ಹಾಗಾದರೆ ಇಷ್ಟು ತಪ್ಪಿರೋದನ್ನ ಜನ ಯಾಕೆ ಹಿಡಿದುಕೊಂಡರು?

ಒಂದು ಸಣ್ಣ ವಿಷಯ ಹೇಳ್ತೀನಿ. ಲೈನಸ್ ಕೈಯಲ್ಲಿ ಯಾವಾಗಲೂ ಒಂದು ನೀಲಿ ಹೊದಿಕೆ ಇರುತ್ತೆ. ಅದನ್ನ ಬಿಟ್ಟರೆ ಅವನಿಗೆ ಭಯ. ಲೂಸಿ ಬೈದರೂ ಬಿಡಲ್ಲ. ಆದರೆ ವೇದಿಕೆಯಲ್ಲಿ ದೇವದೂತ ಕುರುಬರಿಗೆ ಹೆದರಬೇಡಿ ಅನ್ನೋ ಜಾಗಕ್ಕೆ ಬಂದಾಗ, ಆ ಹೊದಿಕೆ ಕೈಬಿಟ್ಟು ಕೆಳಗೆ ಬೀಳುತ್ತೆ. ಯಾರೂ ಅದನ್ನ ತೋರಿಸಿ ಹೇಳಲ್ಲ. ವರ್ಷಗಟ್ಟಲೆ ನೋಡಿದವರಿಗೂ ಎಷ್ಟೋ ಜನಕ್ಕೆ ಇದು ಕಂಡಿರಲಿಲ್ಲ. ಯಾರೋ ಹೇಳಿದ ಮೇಲೆ ಮತ್ತೆ ಹಾಕಿ ನೋಡಿ, ಹೌದಲ್ಲಾ ಅಂದುಕೊಂಡರು. ಮಾತು ಮುಗಿದ ಮೇಲೆ ಅವನು ಹೊದಿಕೆಯನ್ನ ಮತ್ತೆ ಎತ್ತಿಕೊಳ್ತಾನೆ, ಅದು ನನಗೆ ಇನ್ನೂ ಇಷ್ಟವಾಯ್ತು. ಭಯ ಒಂದೇ ಸಲಕ್ಕೆ ಹೋಗಿಬಿಡಲ್ಲ. ಆದರೆ ಕೊನೆಯಲ್ಲಿ ಅದೇ ಹೊದಿಕೆಯನ್ನ ಆ ಬಡಕಲು ಗಿಡದ ಬುಡಕ್ಕೆ ಸುತ್ತಿ ಬಿಡ್ತಾನೆ.

ಇಲ್ಲಿ ಯಾರೂ ಚಾರ್ಲಿ ಬ್ರೌನ್‌ಗೆ 'ಖುಷಿಯಾಗಿರು' ಅಂತ ಬುದ್ಧಿ ಹೇಳಿ ಗೆಲ್ಲಲ್ಲ. ಲೂಸಿ ಐದು ಸೆಂಟು ಫೀಸು ತಗೊಂಡು ಸಲಹೆ ಕೊಡ್ತಾಳೆ, ಅದು ಕೆಲಸ ಮಾಡಲ್ಲ. ಅವನಿಗೆ ಯಾಕೆ ಬೇಜಾರು ಅನ್ನೋದಕ್ಕೆ ಕಾರ್ಟೂನಿನಲ್ಲಿ ಪೂರ್ತಿ ಉತ್ತರವೂ ಇಲ್ಲ. ಹಬ್ಬದ ದಿನ ಬೇಜಾರಾಗಬಹುದು ಅಂತ ಒಪ್ಪಿಕೊಳ್ಳುತ್ತೆ, ಅಷ್ಟೇ. ಆಮೇಲೆ ನಾಲ್ಕು ಜನ ಬಂದು ಪಕ್ಕದಲ್ಲಿ ನಿಲ್ತಾರೆ. ಇದು ಬೇಜಾರಿನ ಕಾರ್ಟೂನ್ ಅಂತ ದೂರುವವರೂ, ಇದಿಲ್ಲದೆ ಹಬ್ಬವಿಲ್ಲ ಅನ್ನೋರೂ ಒಂದೇ ವಿಷಯ ಹೇಳ್ತಿದ್ದಾರೆ ಅನ್ನಿಸುತ್ತೆ ನನಗೆ.

2020ರಲ್ಲಿ ಇದರ ಹಕ್ಕು ಆ್ಯಪಲ್ ಟೀವಿ ಪ್ಲಸ್‌ಗೆ ಹೋಯ್ತು, ಸಾಮಾನ್ಯ ಟೀವಿಯಲ್ಲಿ ಬರಲ್ಲ ಅಂತ ಸುದ್ದಿ ಬಂತು. ಕೋವಿಡ್ ವರ್ಷ, ಮನೆಯವರು ಒಬ್ಬೊಬ್ಬರು ಒಂದೊಂದು ಊರಲ್ಲಿ. ಜನ ಸಿಟ್ಟಾದರು, ಆನ್‌ಲೈನ್ ಮನವಿಗೆ ಲಕ್ಷಕ್ಕೂ ಹೆಚ್ಚು ಜನ ಸಹಿ ಹಾಕಿದರು. ಆ ಡಿಸೆಂಬರ್‌ನಲ್ಲಿ ಪಿಬಿಎಸ್ ಚಾನೆಲ್ಲಿನಲ್ಲಿ ಜಾಹೀರಾತಿಲ್ಲದೆ ಪ್ರಸಾರ ಆಯ್ತು. ಕಾರ್ಟೂನ್ ಆ್ಯಪಲ್‌ನಲ್ಲಿ ಸಿಗುತ್ತಿತ್ತು. ಜನ ಕೇಳಿದ್ದು, ಎಲ್ಲರೂ ಒಂದೇ ರಾತ್ರಿ ಒಟ್ಟಿಗೆ ನೋಡೋ ಅವಕಾಶವನ್ನ ಅಂತ ನಾನು ಅಂದುಕೊಂಡಿದ್ದೀನಿ. 2022ರಿಂದ ಅದೂ ಇಲ್ಲ.

ಈಗ ಮೊದಲು ಕೇಳಿದ ಪ್ರಶ್ನೆಗೆ ಬರ್ತೀನಿ.

ನಾನು ಇದನ್ನ ನೋಡಿದ್ದು ಡಿಸೆಂಬರ್‌ನಲ್ಲಿ. ಮೂರು ವಾರಕ್ಕೆ ಸಂಕ್ರಾಂತಿ. ನಮ್ಮೂರು ಹಾಸನ, ಅಮ್ಮ ಅಲ್ಲಿ ಒಬ್ಬರೇ ಇದ್ದಾರೆ. ಸಂಜೆ ಫೋನ್ ಬಂತು. 'ಎಳ್ಳು ಬೆಲ್ಲ ತಿಂದ್ಯೇನೋ? ಹಬ್ಬ ಹೇಗಾಯ್ತು?' ನಾನು ಎಂದಿನಂತೆ ಚೆನ್ನಾಗಾಯ್ತು ಅನ್ನೋಕೆ ಬಾಯಿ ತೆಗೆದೆ. ಅದ್ಯಾಕೋ ಆ ಹುಡುಗ ನೆನಪಾದ. 'ಇಲ್ಲಮ್ಮ, ಏನೂ ಮಾಡ್ಲಿಲ್ಲ. ತುಂಬಾ ಬೇಜಾರಾಗ್ತಿದೆ' ಅಂದೆ.

ಸ್ವಲ್ಪ ಹೊತ್ತು ಆ ಕಡೆಯಿಂದ ಮಾತಿಲ್ಲ. ಯಾಕೆ ಹೇಳಿದ್ನೋ ಅನ್ನಿಸಿಬಿಡ್ತು. ಆಮೇಲೆ ಅಮ್ಮ ಅಂದ್ಲು, 'ನಾನೂ ಈ ಸಲ ಸಕ್ಕರೆ ಅಚ್ಚು ಹಾಕ್ಲಿಲ್ಲ ಕಣೋ. ಯಾರಿಗೆ ಅಂತ ಹಾಕ್ಲಿ? ದೀಪಾವಳಿಗೂ ಒಬ್ಬಟ್ಟು ಮಾಡಿರ್ಲಿಲ್ಲ. ನೀನು ಬೇಜಾರು ಮಾಡ್ಕೊಳ್ತೀಯ ಅಂತ ಮಾಡ್ದೆ ಅಂದಿದ್ದೆ.'

ಎಷ್ಟು ವರ್ಷದಿಂದ ನಾವಿಬ್ಬರೂ ಒಬ್ಬರಿಗೊಬ್ಬರು ಹಬ್ಬ ಚೆನ್ನಾಗಾಯ್ತು ಅಂತ ಹೇಳ್ಕೊಂಡು ಬಂದಿದ್ವೋ! ಅವತ್ತು ಒಂದು ಗಂಟೆ ಮಾತಾಡಿದ್ವಿ. ಹೆಚ್ಚೇನೂ ಇಲ್ಲ, ಅಕ್ಕಪಕ್ಕದ ಮನೆ ಸುದ್ದಿ, ಅಪ್ಪ ಇದ್ದಾಗಿನ ಹಬ್ಬಗಳು. ಇಟ್ಟ ಮೇಲೆ ನನಗೆ ಹಬ್ಬ ಆಯ್ತು ಅನ್ನಿಸ್ತು.

ಆ ಯುಗಾದಿಗೆ ವಿಡಿಯೋ ಕಾಲ್‌ನಲ್ಲಿ ಅಮ್ಮನ್ನ ಇಟ್ಕೊಂಡು ನಾನೇ ಒಬ್ಬಟ್ಟು ತಟ್ಟಿದೆ. ಹೂರಣ ಎಲ್ಲ ಹೊರಗೆ ಬಂತು, ಕಣಕ ಹೆಂಚಿಗೆ ಅಂಟಿಕೊಂಡಿತು. ಅಮ್ಮ ನಕ್ಕೂ ನಕ್ಕೂ ಸಾಕಾಗಿ, 'ಇರ್ಲಿ ಬಿಡು, ತುಪ್ಪ ಹಾಕ್ಕೊಂಡು ತಿನ್ನು' ಅಂದ್ಲು. ಅವಳೂ ಅಲ್ಲಿ ನಾಲ್ಕು ಒಬ್ಬಟ್ಟು ಮಾಡಿದ್ದಳು, ಕ್ಯಾಮೆರಾಗೆ ಹಿಡಿದು ತೋರಿಸಿದಳು. ಈ ಸಲ ನಿಜವಾಗಲೂ.

ಮುಂದಿನ ಹಬ್ಬಕ್ಕೆ ಊರಿಂದ ಫೋನ್ ಬಂದಾಗ, ಬೇಜಾರಾಗಿದ್ದರೆ ಬೇಜಾರಾಗಿದೆ ಅಂತಲೇ ಹೇಳಿ ನೋಡಿ. ಆ ಕಡೆ ಇರೋರೂ ಅದನ್ನೇ ಹೇಳೋಕೆ ಕಾಯ್ತಾ ಇರಬಹುದು.