ಚಳಿಗಾಲದ ಹವಾಸೂಚನೆ: ಮೂರು ದಿನಗಳ ಮುನ್ನೋಟ



ಮಾರ್ಗಶಿರ ಪುಷ್ಯಮಾಸಗಳಲ್ಲಿ ನಮ್ಮ ದೇಶದ ಹವೆಯನ್ನು ಒಂದೇ ಮಾತಿನಲ್ಲಿ ವರ್ಣಿಸುವುದು ಅಸಾಧ್ಯವೇ ಸರಿ. ಕಾಶ್ಮೀರದಲ್ಲಿ ಹಿಮ ಬೀಳುವ ದಿನವೇ ಕಾಶಿಯಲ್ಲಿ ಮಂಜು ಕವಿದಿರಬಹುದು. ತಂಜಾವೂರಿನಲ್ಲಿ ಮಳೆ ಸುರಿಯುತ್ತಿರಬಹುದು. ಇಂತಹ ವಿಶಾಲ ದೇಶಕ್ಕೆ ಮುಂದಿನ ಮೂರು ದಿನಗಳ ಸೂಚನೆಯನ್ನು ಕೊಡುವುದು ಹೇಗೆ, ಅದನ್ನು ನಾವು ಗ್ರಹಿಸತಕ್ಕದ್ದು ಹೇಗೆ ಎಂಬುದನ್ನು ಈಗ ವಿಚಾರಮಾಡೋಣ.

ಉತ್ತರ ಭಾರತದ ಚಳಿಗಾಲಕ್ಕೆ ಸೂತ್ರಧಾರನು ಪಶ್ಚಿಮದ ವಾಯುಕ್ಷೋಭೆ. ಇದು ಮೆಡಿಟರೇನಿಯನ್ ಸಮುದ್ರದ ಕಡೆಯಿಂದ ಹೊರಟು, ಇರಾನ್, ಆಫ್ಘಾನಿಸ್ಥಾನಗಳನ್ನು ದಾಟಿ ಹಿಮಾಲಯಕ್ಕೆ ಬರುವುದು. ದೂರದಿಂದ ನಡೆದು ಬರುವ ಅತಿಥಿಯಾದುದರಿಂದಲೇ ಅದರ ಆಗಮನವನ್ನು ಮೊದಲೇ ಸಾರಲು ಸಾಧ್ಯ.

ಇದರ ವರ್ತನೆಯಲ್ಲಿ ಒಂದು ಕ್ರಮವುಂಟು. ಕ್ಷೋಭೆಯು ಸಮೀಪಿಸಿದಾಗ ಮೋಡಗಳು ಕಂಬಳಿಯಂತೆ ಆಕಾಶವನ್ನು ಮುಸುಕಿ, ನೆಲದ ಶಾಖವು ಹೊರಹೋಗದಂತೆ ತಡೆಯುವುವು, ರಾತ್ರಿ ಬೆಚ್ಚಗಾಗುವುದು. ಚಳಿ ಕಳೆಯಿತೆಂದು ಜನರು ಹಿಗ್ಗುವರು. ಅನಂತರ ಬೆಟ್ಟಗಳಲ್ಲಿ ಹಿಮ, ಪಂಜಾಬಿನ ಬಯಲಿನಲ್ಲಿ ಮಳೆ. ಮೋಡ ಚದರಿದ ಮೇಲೆ, ಗಾಳಿಯಿಲ್ಲದ ಇರುಳಿನಲ್ಲಿ ತೇವವಾದ ನೆಲವು ತಣ್ಣಗಾಗಿ ದಟ್ಟ ಮಂಜು ಏಳುವುದು. ಬಳಿಕ ವಾಯವ್ಯದ ಗಾಳಿ ಬೀಸಿ ನಿಜವಾದ ಚಳಿ ಇಳಿಯುವುದು. ಆದುದರಿಂದ ಬೆಚ್ಚನೆಯ ರಾತ್ರಿಯು ಎಷ್ಟೋ ವೇಳೆ ಶೈತ್ಯದ ದೂತನೇ ಹೊರತು ಅದರ ಅಂತ್ಯವಲ್ಲ. ಇಂದಿನ ಹವೆಯನ್ನು ನೋಡಿ ನಾಳೆಯದನ್ನು ಊಹಿಸುವವನು ಮೋಸಹೋಗುವುದು ಇಲ್ಲಿಯೇ.

ಮೈದಾನ ಪ್ರದೇಶದಲ್ಲಿ ಕನಿಷ್ಠ ಉಷ್ಣತೆಯು 10 ಡಿಗ್ರಿ ಸೆಂಟಿಗ್ರೇಡಿಗೆ ಅಥವಾ ಅದಕ್ಕೂ ಕೆಳಗೆ ಇಳಿದು, ವಾಡಿಕೆಗಿಂತ 4.5 ಡಿಗ್ರಿಯಷ್ಟಾದರೂ ಕಡಿಮೆಯಾದರೆ ಅದನ್ನು ಶೀತಮಾರುತವೆಂದು ಕರೆಯುವರು. ಆದರೆ ಉಷ್ಣಮಾಪಕವು ನೆಲಕ್ಕಿಂತ ನಾಲ್ಕಡಿ ಮೇಲಿನ ಪೆಟ್ಟಿಗೆಯಲ್ಲಿರುವುದು. ನಿರ್ಮಲವಾದ ರಾತ್ರಿಯಲ್ಲಿ ಪೈರಿನ ಎಲೆಯು ಅದಕ್ಕಿಂತಲೂ ತಣ್ಣಗಿರುತ್ತದೆ. ಸೂಚನೆಯನ್ನು ಕೇಳಿದ ಆಲೂಗೆಡ್ಡೆಯ ರೈತನು ಸಂಜೆಯೇ ಹೊಲಕ್ಕೆ ಲಘುವಾಗಿ ನೀರು ಹಾಯಿಸಿದರೆ, ಒದ್ದೆ ಮಣ್ಣು ಹಿಡಿದಿಟ್ಟ ಶಾಖವು ಬೆಳೆಯನ್ನು ಕಾಪಾಡಬಹುದು. ಒಂದು ಸಂಜೆಯ ಅಂತರದಲ್ಲಿ ಒಂದು ಸಂಸಾರದ ವರ್ಷದ ಅನ್ನ ನಿಂತಿದೆ.

ದಕ್ಷಿಣದಲ್ಲಿ ಕಥೆಯೇ ಬೇರೆ. ಇಲ್ಲಿ ಡಿಸೆಂಬರಿನಲ್ಲಿ ಕಣ್ಣಿಡಬೇಕಾದುದು ಬಂಗಾಳಕೊಲ್ಲಿಯ ಕಡೆಗೆ. ಅಲ್ಲಿನ ವಾಯುಭಾರ ಕುಸಿತವು ತಮಿಳುನಾಡಿಗೆ ಮಳೆಯನ್ನೂ, ಬೆಂಗಳೂರಿಗೆ ಮೋಡವನ್ನೂ ತುಂತುರನ್ನೂ ತರುವುದುಂಟು. ಒಮ್ಮೊಮ್ಮೆ ಅದು ಚಂಡಮಾರುತವಾಗಿ ಬೆಳೆಯುವುದು. 1964ರ ಡಿಸೆಂಬರಿನಲ್ಲಿ ಅಂತಹ ಚಂಡಮಾರುತವೊಂದು ಧನುಷ್ಕೋಡಿ ಪಟ್ಟಣವನ್ನೂ, ಅಲ್ಲಿಗೆ ಹೊರಟಿದ್ದ ರೈಲನ್ನೂ ಕಬಳಿಸಿತು. ಇಂದು ಉಪಗ್ರಹಗಳು ಹಗಲಿರುಳೂ ಕಡಲನ್ನು ಕಾಯುತ್ತಿವೆ.

1875ರಲ್ಲಿ ಸ್ಥಾಪಿತವಾದ ಭಾರತದ ಹವಾಮಾನ ಇಲಾಖೆಯು ಈಗ ಎಚ್ಚರಿಕೆಗಳನ್ನು ಬಣ್ಣಗಳಿಂದಲೂ ತಿಳಿಸುತ್ತದೆ: ಹಸುರಾದರೆ ನಿಶ್ಚಿಂತೆ, ಹಳದಿಯಾದರೆ ಗಮನ, ಕಿತ್ತಳೆಯಾದರೆ ಸಿದ್ಧತೆ, ಕೆಂಪಾದರೆ ಕಾರ್ಯ. “ಸಂಭವವಿದೆ” ಎಂಬ ಮಾತನ್ನು ಕೇಳಿ ನಾವು ನಗುವುದುಂಟು. ಅದು ಅಜ್ಞಾನದ ಮಾತಲ್ಲ, ಪ್ರಾಮಾಣಿಕತೆಯ ಮಾತು. ಮಂಜಿನ ಸೂಚನೆ ಹತ್ತು ಸಲದಲ್ಲಿ ಮೂರು ಸಲ ತಪ್ಪಿದರೂ, ನಿಧಾನವಾಗಿ ಬಂಡಿ ನಡೆಸಿದವನಿಗೆ ನಷ್ಟವಾಗುವುದು ಸ್ವಲ್ಪ ಹೊತ್ತು ಮಾತ್ರ. ಉಳಿದ ಏಳು ಸಲ ಅವನಿಗೆ ಉಳಿಯುವುದು ಪ್ರಾಣ. ಈ ಲೆಕ್ಕವನ್ನು ಮನಸ್ಸಿನಲ್ಲಿಟ್ಟುಕೊಂಡು ಹವಾಸೂಚನೆಯನ್ನು ಕೇಳುವುದು ಲೇಸು.