ಲಾಲ್‌ಬಾಗಿನ ನೆರೆಹೊರೆ



ವನ್ಯಜೀವಿಗಳನ್ನು ನೋಡಲು ಬಂಡೀಪುರಕ್ಕೇ ಹೋಗಬೇಕೆಂದಿಲ್ಲ. ಬೆಂಗಳೂರಿನ ಲಾಲ್‌ಬಾಗಿನ 240 ಎಕರೆಯೊಳಗೆ ಬೆಳಿಗ್ಗೆ ಅರ್ಧ ಗಂಟೆ ಸುಮ್ಮನೆ ಕುಳಿತು ನೋಡಿ. ಕೆರೆಯಂಚಿನಲ್ಲಿ ನೀರುಕಾಗೆ ರೆಕ್ಕೆ ಹರಡಿ ನಿಂತಿರುತ್ತದೆ. ಅದರ ಗರಿಗಳು ಬೇಗ ನೆನೆಯುತ್ತವೆ. ಆದ್ದರಿಂದಲೇ ಅದು ಸುಲಭವಾಗಿ ಮುಳುಗಿ ಮೀನು ಹಿಡಿಯಬಲ್ಲದು. ಆಮೇಲೆ ಬಿಸಿಲಿನಲ್ಲಿ ರೆಕ್ಕೆ ಒಣಗಿಸಿಕೊಳ್ಳುತ್ತದೆ.

ಮರದ ಮೇಲೆ ‘ಕುಟ್ರೂ ಕುಟ್ರೂ’ ಎನ್ನುವ ಹಸಿರು ಕುಟ್ರುಹಕ್ಕಿಯನ್ನು ಹುಡುಕಿ. ಅದು ಗೂಡು ಕೊರೆಯುವುದು ಒಣಗಿದ ಕೊಂಬೆಯಲ್ಲಿ. ಅದು ಬಿಟ್ಟುಹೋದ ಪೊಟರೆಯಲ್ಲಿ ಬೇರೆ ಹಕ್ಕಿಗಳು ಸಂಸಾರ ಹೂಡುತ್ತವೆ. ನಮಗೆ ಬರೀ ಸೌದೆಯಾಗಿ ಕಾಣುವ ಕೊಂಬೆ ಹೋದರೆ ಹಲವರ ಮನೆ ಹೋದಂತೆ.

ನಿಮ್ಮ ಬೀದಿಯ ಮರದಲ್ಲೂ ಇಂಥ ಪೊಟರೆ ಇದ್ದೀತು. ಯಾರಿಗೂ ಅಪಾಯವಿಲ್ಲದಿದ್ದರೆ, ಕಡಿಯಲು ಬಂದವರಿಗೆ ಅದನ್ನು ತೋರಿಸಿ, ‘ಇರಲಿ ಬಿಡಿ’ ಎನ್ನಿ. ನಾಳೆ ಕಿಟಕಿ ತೆರೆದಾಗ ಪರಿಚಯದ ದನಿಯೊಂದು ಕೇಳಿಸಿದರೆ, ಅದೇ ದಿನದ ಮೊದಲ ಸಂತೋಷ.